ಚೆಕ್ಕೋ ಬೆಟ್ಟೋ: ಈಕ್ವಿಲ್ಯಾಬ್ ಅರ್ಧ ದಾರಿಗೆ ತಂದು ಬಿಡುತ್ತದೆ

ಟರ್ನ್, ಅಂದರೆ ಮೇಜಿನ ಮೇಲೆ ಎಲ್ಲರಿಗೂ ಸೇರಿದ ನಾಲ್ಕನೇ ಎಲೆ, ಬಿದ್ದಿದೆ. ನಿಮ್ಮ ಲೆಕ್ಕಕ್ಕೆ ನಾಲ್ಕು ಆಟೀನು ಸೇರಿವೆ, ಫ್ಲಷ್ (ಒಂದೇ ಜಾತಿಯ ಐದು ಎಲೆ) ಆಗಲು ಬೇಕಾದ ಐದನೆಯದು ಬಂದಿಲ್ಲ. ಎದುರಾಳಿ ಚೆಕ್ ಮಾಡಿ, ಅಂದರೆ ಚಿಪ್ಸ್ ಹಾಕದೆ ಸರದಿ ದಾಟಿಸಿ, ಸುಮ್ಮನೆ ಕೂತಿದ್ದಾನೆ. ಬೆಟ್ ಹಾಕಿ ಅವನನ್ನು ಓಡಿಸಲು ನೋಡಬೇಕೋ, ಚೆಕ್ ಮಾಡಿ ಪುಕ್ಕಟೆಯಾಗಿ ರಿವರ್, ಅಂದರೆ ಕೊನೆಯ ಐದನೇ ಎಲೆ, ನೋಡಬೇಕೋ? ಹೋಲ್ಡೆಮ್ ಪೋಕರ್‌ನಲ್ಲಿ ಚಿಪ್ಸ್ ಸದ್ದಿಲ್ಲದೆ ಸೋರುವ ಜಾಗಗಳಲ್ಲಿ ಇದೊಂದು. ಪೋಕರ್ ಕಲಿಸುವ ಜಾಲತಾಣ ಪೋಕರ್‌ಸ್ಟ್ರಾಟಜಿಯವರ, ಗೆಲ್ಲುವ ಸಾಧ್ಯತೆ ಲೆಕ್ಕ ಹಾಕುವ ಉಚಿತ ಸಾಫ್ಟ್‌ವೇರ್ ಈಕ್ವಿಲ್ಯಾಬ್ ಈ ಪ್ರಶ್ನೆಗೆ ಎಷ್ಟು ಆಸರೆ ಕೊಡುತ್ತದೆ, ಎಲ್ಲಿ ಕೈ ಬಿಡುತ್ತದೆ ಎಂಬುದನ್ನಷ್ಟೇ ಇಲ್ಲಿ ನೋಡೋಣ.

ಇದು ವಿಂಡೋಸ್ ಸಾಫ್ಟ್‌ವೇರ್. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸೆಕೆಂಡ್‌ಹ್ಯಾಂಡ್ ಸಿಗುವ ಹಳೇ ಲ್ಯಾಪ್‌ಟಾಪೂ ಸಾಕು. 2025ರ ಆಗಸ್ಟ್‌ನ ಕೇಂದ್ರ ಕಾನೂನು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ ಮೇಲೆ, ಸಣ್ಣ ಮೊತ್ತದ ಟೇಬಲ್‌ಗಳಲ್ಲಿ ಸಾವಿರಾರು ಕೈ ಆಡಿ ಕಲಿಯುವ ದಾರಿ ಮುಚ್ಚಿದೆ. ಜಯನಗರದ ಮನೆಯಲ್ಲೋ ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟ್ ಕ್ಲಬ್‌ಹೌಸ್‌ನಲ್ಲೋ ಶನಿವಾರ ಬರೀ ಚಿಪ್ಸ್ ಇಟ್ಟುಕೊಂಡು ಕೂರುವ ಗುಂಪಿಗೆ ರಾತ್ರಿಯಿಡೀ ಆಡಿದರೂ ಇಂಥ ಡ್ರಾ (ಇನ್ನೊಂದು ಎಲೆ ಬಂದರೆ ಪೂರ್ಣವಾಗುವ ಕೈ) ಬರುವುದು ಬೆರಳೆಣಿಕೆಯಷ್ಟು. ಹಾಗಾಗಿ ಮನೆಪಾಠಕ್ಕೆ ಇಂಥದ್ದೊಂದು ಬೇಕೇ ಬೇಕು.

ಬಳಸುವುದು ಸುಲಭ. ಒಂದು ಸಾಲಿನಲ್ಲಿ ನಿಮ್ಮ ಎರಡು ಎಲೆ, ಇನ್ನೊಂದರಲ್ಲಿ ಎದುರಾಳಿಯ ರೇಂಜ್ (ಅವನ ಕೈಲಿರಬಹುದಾದ ಎಲೆಗಳ ಪಟ್ಟಿ), ಬೋರ್ಡ್ ಜಾಗದಲ್ಲಿ ಮೇಜಿನ ಮೇಲೆ ಬಿದ್ದಿರುವ ಎಲೆಗಳು. ರೇಂಜ್ ತುಂಬಲು 13×13 ಮನೆಗಳ ಪಟ್ಟಿ ಇದೆ: ಕರ್ಣದಲ್ಲಿ ಜೋಡಿಗಳು, ಒಂದು ಬದಿಗೆ ಸೂಟೆಡ್ (ಒಂದೇ ಜಾತಿಯ ಎರಡು ಎಲೆ), ಇನ್ನೊಂದು ಬದಿಗೆ ಆಫ್‌ಸೂಟ್ (ಬೇರೆ ಬೇರೆ ಜಾತಿಯವು). ಲೆಕ್ಕದ ವಿಧಾನದಲ್ಲಿ ಮಾಂಟೆ ಕಾರ್ಲೋ (ಕೆಲವು ಸಾಧ್ಯತೆಗಳನ್ನು ಅಡ್ಡಾದಿಡ್ಡಿ ಆರಿಸಿ ಅಂದಾಜಿಸುವುದು) ಬಿಟ್ಟು ಎಲ್ಲ ಸಾಧ್ಯತೆಗಳನ್ನೂ ಎಣಿಸುವ ಆಯ್ಕೆ ಒತ್ತಿ. ಫ್ಲಾಪ್ (ಬೋರ್ಡ್‌ನ ಮೊದಲ ಮೂರು ಎಲೆ) ಬಿದ್ದ ಮೇಲೆ ಉಳಿಯುವ ಸಾಧ್ಯತೆಗಳು ಕಡಿಮೆ, ಉತ್ತರ ತಕ್ಷಣ ಬರುತ್ತದೆ, ಕರಾರುವಾಕ್ಕಾಗಿಯೂ ಇರುತ್ತದೆ. ಶೇಕಡಾವಾರು ಸ್ಲೈಡರ್ ಎಳೆದು ರೇಂಜ್ ತುಂಬುವ ಸೋಮಾರಿತನ ಮಾತ್ರ ಬೇಡ. ಸ್ಲೈಡರ್ ಎಲೆಗಳನ್ನು ಜೋಡಿಸುವುದು ಫ್ಲಾಪ್‌ಗೆ ಮುಂಚಿನ ಬಲದ ಮೇಲೆ. ನಿಮಗೆ ಬೇಕಿರುವುದು ಈ ಬೋರ್ಡ್‌ನಲ್ಲಿ ನಿಮ್ಮ ಬೆಟ್‌ಗೆ ಕಾಲ್ ಮಾಡುವ (ಅಷ್ಟೇ ಚಿಪ್ಸ್ ಹಾಕಿ ಉಳಿಯುವ) ಕೈಗಳ ಪಟ್ಟಿ. ಎರಡೂ ಬೇರೆ ಬೇರೆ.

ಉಪಕರಣದ ನಿಜವಾದ ಬೆಲೆ ತಿಳಿಯುವುದು ಹೀಗೆ. ಆಟೀನಿನ 8 ಮತ್ತು 7 ನಿಮ್ಮ ಕೈಲಿ. ಬೋರ್ಡ್‌ನಲ್ಲಿ ಆಟೀನ್ ರಾಜ, ಇಸ್ಪೀಟ್ 6, ಆಟೀನ್ 2, ಟರ್ನ್‌ಗೆ ಡೈಮಂಡ್ ಗುಲಾಮ. ಒಂಬತ್ತು ಔಟ್ಸ್ (ಬಂದರೆ ಕೈ ಗೆಲ್ಲಿಸುವ ಎಲೆಗಳು) ಅಂತ ಎಲ್ಲರೂ ಎಣಿಸುತ್ತಾರೆ. ಎದುರಾಳಿಗೆ ಆಟೀನಿಲ್ಲದ ರಾಜ, ರಾಣಿ ಕೊಟ್ಟು ನೋಡಿ: ಉಳಿದ 44 ಎಲೆಗಳಲ್ಲಿ 9, ಅಂದರೆ 20.5%. ಅವನಿಗೆ ಎರಡು 6 ಕೊಡಿ: ಆಟೀನ್ ಗುಲಾಮ ಬಂದರೆ ಅವನಿಗೆ ಫುಲ್‌ಹೌಸ್, ಆಟೀನ್ 6 ಬಂದರೆ ನಾಲ್ಕು 6, ಎರಡೂ ಫ್ಲಷ್‌ಗಿಂತ ದೊಡ್ಡವು, ನಿಮಗೆ ಉಳಿದದ್ದು 7 ಎಲೆ, 15.9%. ಇನ್ನು ಆಟೀನಿನ ಎಕ್ಕ ಮತ್ತು 5 ಕೊಡಿ: ಎಕ್ಕದ ಫ್ಲಷ್ ನಿಮ್ಮದಕ್ಕಿಂತ ದೊಡ್ಡದು, ನೀವು ಕಾಯುತ್ತಿರುವ ಆಟೀನೇ ನಿಮ್ಮ ಕುತ್ತಿಗೆಗೆ ಬರುತ್ತದೆ. ಗೆಲ್ಲಿಸುವುದು ಉಳಿದ ಮೂರು 8, ಮೂರು 7 ಮಾತ್ರ, 13.6%. ಒಂದೇ ಡ್ರಾ, ಮೂರು ಬೆಲೆ. ಬೆರಳಲ್ಲಿ ಔಟ್ಸ್ ಎಣಿಸುವ ಅಭ್ಯಾಸ ಇದನ್ನು ತೋರಿಸುವುದಿಲ್ಲ.

ಹೊಸಬರನ್ನು ದಾರಿ ತಪ್ಪಿಸುವ ಜಾಗವೂ ಒಂದಿದೆ. ಮೂರೇ ಎಲೆಯ ಬೋರ್ಡ್ ಕೊಟ್ಟರೆ ಬರುವ ಸಂಖ್ಯೆ ರಿವರ್ ತನಕದ್ದು. ಫ್ಲಷ್ ಡ್ರಾಗೆ ಸುಮಾರು 35% ಕಾಣುತ್ತದೆ, ಪಾಟ್‌ನಷ್ಟೇ (ನಡುವೆ ಸೇರಿರುವ ಚಿಪ್ಸ್‌ನಷ್ಟೇ) ದೊಡ್ಡ ಬೆಟ್‌ಗೆ ಕಾಲ್ ಮಾಡಲು 33.3% ಸಾಕು, ಹಾಗಾಗಿ ಕಾಲ್ ಅಂತ ಕೈ ಮುಂದೆ ಹೋಗುತ್ತದೆ. ಆದರೆ ಟರ್ನ್‌ನಲ್ಲಿ ಮತ್ತೊಂದು ಬೆಟ್ ಬರುತ್ತದೆ. ಈಗ ನೀವು ಕೊಳ್ಳುತ್ತಿರುವುದು ಒಂದೇ ಎಲೆ, ಅದರ ಬೆಲೆ ನಿಮಗೆ ಕಾಣದ 47 ಎಲೆಗಳಲ್ಲಿ 9, 19.1%. ಆ 35% ನಿಮ್ಮದಾಗುವುದು ಫ್ಲಾಪ್‌ನಲ್ಲೇ ಎಲ್ಲ ಚಿಪ್ಸ್ ಒಳಗೆ ಹೋಗಿದ್ದರೆ ಮಾತ್ರ.

ಅದಕ್ಕಿಂತ ದೊಡ್ಡ ಕೊರತೆ, ಎದುರಾಳಿ ಎಷ್ಟು ಸಲ ಫೋಲ್ಡ್ ಮಾಡುತ್ತಾನೆ (ಎಲೆ ಎಸೆದು ಹೊರಹೋಗುತ್ತಾನೆ) ಎಂಬುದಕ್ಕೆ ಇಲ್ಲಿ ಜಾಗವೇ ಇಲ್ಲ. ಬೆಟ್ಟೋ ಚೆಕ್ಕೋ ಎಂಬುದು ನಿಂತಿರುವುದೇ ಅದರ ಮೇಲೆ. ಪೆನ್ನು, ಹಾಳೆ ತೆಗೆದುಕೊಳ್ಳಿ. ಪಾಟ್ 1,000, ನಿಮ್ಮ ಬೆಟ್ 500, ಗೆಲ್ಲುವ ಸಾಧ್ಯತೆ 20%, ರಿವರ್‌ನಲ್ಲಿ ಮತ್ತೆ ಚಿಪ್ಸ್ ಹೋಗುವುದಿಲ್ಲ ಅಂದುಕೊಳ್ಳಿ. ಕಾಲ್ ಬಂದರೆ ನಿಮ್ಮ ಪಾಲು 2,000ದ 20%, 400. ಹಾಕಿದ್ದು 500, ನಷ್ಟ 100. ಹೀಗಾಗಿ ಅವನು 9% ಫೋಲ್ಡ್ ಮಾಡಿದರೂ ಬೆಟ್ ಲಾಭ ಅಂತ ಲೆಕ್ಕ ಹಾಕುವವರಿದ್ದಾರೆ. ತಪ್ಪು ಅಲ್ಲೇ. ಅವರು ಬೆಟ್ಟನ್ನು ಸೊನ್ನೆಗೆ ಹೋಲಿಸುತ್ತಿದ್ದಾರೆ. ಚೆಕ್ ಸೊನ್ನೆಯಲ್ಲ: ಪುಕ್ಕಟೆ ಎಲೆ ನೋಡಿದರೆ 1,000ದ 20%, 200 ನಿಮ್ಮದೇ. ಅದನ್ನು ಮೀರಿಸಲು ಫೋಲ್ಡ್ 27.3% ಬೇಕು.

ಇನ್ನೊಂದು ಹೆಜ್ಜೆ ಹೋಗಿ. 15% ಸಲ ಅವನು ದೊಡ್ಡ ರೇಸ್ ಮಾಡಿ (ನಿಮ್ಮ ಬೆಟ್ಟನ್ನು ಏರಿಸಿ) ನಿಮ್ಮನ್ನು ಫೋಲ್ಡ್ ಮಾಡಿಸುತ್ತಾನೆ ಅಂದುಕೊಂಡರೆ, ಬೇಕಾದ ಫೋಲ್ಡ್ 32.7%ಗೆ ಏರುತ್ತದೆ. ಇದೇ ಲೆಕ್ಕವನ್ನು ನಾಲ್ಕೇ ಔಟ್ಸ್‌ನ ಗಟ್‌ಶಾಟ್‌ಗೆ (ನಡುವಿನ ಒಂದು ಎಲೆ ಬಂದರೆ ಐದು ಅನುಕ್ರಮ ಎಲೆಗಳಾಗುವ ಡ್ರಾಗೆ) ಹಾಕಿದರೆ 33.1%. ಏನೂ ಇಲ್ಲದ ಶುದ್ಧ ಬ್ಲಫ್‌ಗೆ 33.3%. ಮೂರೂ ಹತ್ತಿರ ಹತ್ತಿರ ಒಂದೇ! ಬಲವಾದ ಡ್ರಾ ಇದ್ದಾಗ ಬೆಟ್ ಹಾಕಲೇಬೇಕು ಅನ್ನುವ ಹುರುಪು ರೇಸ್ ಮಾಡುವ ಎದುರಾಳಿಯ ಮುಂದೆ ಇಳಿದುಹೋಗುತ್ತದೆ. ರೇಸ್‌ಗೆ ಓಡಿಹೋದರೆ ಕಳೆದುಕೊಳ್ಳುವ ಪಾಲು ಬಲವಾದ ಡ್ರಾಗೇ ಹೆಚ್ಚು. ಅಂಥವನ ಹಿಂದೆ ಕೂತಿದ್ದರೆ ಫ್ಲಷ್ ಡ್ರಾ ಚೆಕ್ ಮಾಡಿ, ಬ್ಲಫ್‌ಗೆ ಗಟ್‌ಶಾಟ್ ಬಳಸಿ.

ಇದೆಲ್ಲ ನೀವು ಕೊನೆಗೆ ಆಡುವವರಾಗಿದ್ದರೆ. ಮೊದಲು ಆಡಬೇಕಿದ್ದರೆ ನಿಮ್ಮ ಚೆಕ್‌ಗೆ ಆ 200ರ ಖಾತ್ರಿ ಇಲ್ಲ. ಅವನು 500 ಬೆಟ್ ಹಾಕಿದರೆ ಕಾಲ್‌ಗೆ 25% ಬೇಕು, ನಿಮ್ಮಲ್ಲಿರುವುದು 20%. ಫ್ಲಷ್ ಬಂದಾಗ ರಿವರ್‌ನಲ್ಲಿ ಅವನಿಂದ ಸರಾಸರಿ ಇನ್ನೂ 500 ಕೀಳಬಲ್ಲಿರಾದರೆ ಮಾತ್ರ ಕಾಲ್ ಸರಿಹೋಗುತ್ತದೆ. ಮೂರನೇ ಆಟೀನು ಬೋರ್ಡ್‌ಗೆ ಬಿದ್ದ ಮೇಲೆ ಬಾಯಿ ಮುಚ್ಚಿಕೊಂಡು ಚಿಪ್ಸ್ ಕೊಡುವವರು ಕಡಿಮೆ.

ಮನೆ ಆಟದಲ್ಲಿ ಟರ್ನ್‌ಗೂ ನಾಲ್ಕು ಜನ ಉಳಿಯುವುದು ಮಾಮೂಲು. ಮೂವರು ಎದುರಾಳಿಗಳು, ಒಬ್ಬೊಬ್ಬರೂ 60% ಫೋಲ್ಡ್ ಮಾಡುವವರು ಎಂದಿಟ್ಟುಕೊಂಡರೂ ಮೂವರೂ ಒಟ್ಟಿಗೆ ಫೋಲ್ಡ್ ಮಾಡುವುದು 21.6% ಮಾತ್ರ. ಅಲ್ಲಿ ಚೆಕ್ ಬಿಟ್ಟು ಬೇರೆ ಮಾತಿಲ್ಲ.

ಕೊನೆಯದಾಗಿ ಇದರೊಳಗಿನ ಈಕ್ವಿಟಿ (ಗೆಲ್ಲುವ ಪಾಲು) ಟ್ರೇನರ್. ಕೈ, ಬೋರ್ಡ್ ತೋರಿಸಿ ನಿಮ್ಮ ಅಂದಾಜು ಕೇಳುತ್ತದೆ. ಔಟ್ಸ್ ಅನ್ನು ಫ್ಲಾಪ್‌ನಲ್ಲಿ 4ರಿಂದ, ಟರ್ನ್‌ನಲ್ಲಿ 2ರಿಂದ ಗುಣಿಸುವ ರೂಢಿಯನ್ನು ತಿದ್ದಿಕೊಳ್ಳಲು ಒಳ್ಳೆಯ ಜಾಗ: 15 ಔಟ್ಸ್‌ಗೆ ಆ ರೂಢಿ 60% ಅನ್ನುತ್ತದೆ, ನಿಜ 54.1%. ಪಯೋಸಾಲ್ವರ್‌ನಂಥ ಸಾಲ್ವರ್‌ಗಳು (ಹೇಗೆ ಆಡಬೇಕೆಂದು ಲೆಕ್ಕ ಹಾಕುವ ಸಾಫ್ಟ್‌ವೇರ್‌ಗಳು) ಫೋಲ್ಡ್, ರೇಸ್ ಎಲ್ಲವನ್ನೂ ಲೆಕ್ಕಕ್ಕೆ ತರುತ್ತವೆ ನಿಜ, ಆದರೆ ರೇಂಜ್ ತುಂಬಲು ಬಾರದವರ ಕೈಯಲ್ಲಿ ಅವು ತಪ್ಪು ಉತ್ತರವನ್ನೇ ಎರಡು ದಶಮಾಂಶ ಸ್ಥಾನದವರೆಗೆ ಕೊಡುತ್ತವೆ. ಈಕ್ವಿಲ್ಯಾಬ್‌ಗೆ 5ಕ್ಕೆ 4 ಅಂಕ. ಕಡಿದ ಒಂದು ಅಂಕ ಫೋಲ್ಡ್ ಬರೆಯಲು ಜಾಗ ಕೊಡದಿದ್ದಕ್ಕೆ.