ಊರ ನಾಟಕಕ್ಕೆ ಸೀನ್ಸ್ ಬೇಕೇ? ದಾವಣಗೆರೆಯ ಈ ಅಂಗಡಿಯಲ್ಲಿ ಏನು ಸಿಗುತ್ತೆ, ಏನು ಸಿಗಲ್ಲ

ಜಾತ್ರೆಗೆ ನಾಟಕ ಹಿಡಿದ ಸಮಿತಿಯವರು ತಾಲೀಮು ಶುರುವಾಗುವ ಮೊದಲೇ ಗೊತ್ತು ಮಾಡಬೇಕಾದದ್ದು ಸೀನ್ಸ್‌ನವರನ್ನು, ಅಂದರೆ ನಾಟಕದ ಪರದೆ, ಸಾಮಾನು ಬಾಡಿಗೆಗೆ ಕೊಡುವವರನ್ನು. ಹಳೇ ದಾವಣಗೆರೆಯ ಗಲ್ಲಿಯೊಂದರಲ್ಲಿರುವ ಈ ಅಂಗಡಿಯಲ್ಲಿ ಪರದೆ, ವೇಷಭೂಷಣ, ಮೇಕಪ್, ಲೈಟು ನಾಲ್ಕೂ ಬಾಡಿಗೆಗೆ ಸಿಗುತ್ತವೆ. ಪೌರಾಣಿಕ ನಾಟಕಕ್ಕಾದರೆ ಕಣ್ಣು ಮುಚ್ಚಿ ಮುಂಗಡ ಕೊಡಬಹುದು. ಸಾಮಾಜಿಕ ನಾಟಕಕ್ಕೆ ಮಾತ್ರ ಎರಡು ವಿಷಯದಲ್ಲಿ ಎಚ್ಚರವಾಗಿರುವುದು ಒಳ್ಳೆಯದು.

ಯಜಮಾನರು ಊರೂರಲ್ಲಿ ಟೆಂಟು ಹಾಕಿ ಆಡುವ ಕಂಪನಿ ನಾಟಕದಲ್ಲೇ ಬೆಳೆದವರು. ನಾಯಕನ ಪಾತ್ರದವರಲ್ಲ. ಗೌಡ, ಶಾನುಭೋಗ, ಹೆಣ್ಣಿನ ತಂದೆ, ವಿದುರ, ಶಲ್ಯ, ಇಂಥ ಪೋಷಕ ಪಾತ್ರಗಳಲ್ಲೇ ಆಯುಷ್ಯದ ದೊಡ್ಡ ಪಾಲು ಕಳೆದು, ಆಮೇಲೆ ಸ್ವಂತ ಕಂಪನಿ ಕಟ್ಟಿ ಮಾಲೀಕರಾದವರು. ಟೆಂಟು ಇಳಿಸಿದ ಮೇಲೂ ಪರದೆಗಳನ್ನು ಮಾರಲಿಲ್ಲ. ಬಣ್ಣ ಹಚ್ಚಿದವರೇ ಮಾಲೀಕರಾಗುವುದು ಈ ಊರಿಗೆ ಹೊಸದೇನಲ್ಲ. ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿ ಇಲ್ಲಿಯದೇ. ಅವರ ಮಗಳು ಚಿಂದೋಡಿ ಲೀಲಾ ನಟಿಯಾಗಿಯೂ ಕಂಪನಿ ನಡೆಸಿಯೂ ಹೆಸರಾಗಿ 1988ರಲ್ಲಿ ಪದ್ಮಶ್ರೀ ಪಡೆದರು. ಸಿನಿಮಾದಲ್ಲೂ ಹಾಗೆಯೇ, ದ್ವಾರಕೀಶ್ ಹಾಸ್ಯಪಾತ್ರಗಳಿಂದ ಬಂದು ನಿರ್ಮಾಪಕರಾಗಿ 1969ರಲ್ಲಿ ‘ಮೇಯರ್ ಮುತ್ತಣ್ಣ’ ತೆಗೆದರು, 2004ರಲ್ಲಿ ‘ಆಪ್ತಮಿತ್ರ’ದವರೆಗೂ ಗೆದ್ದು ತೋರಿಸಿದರು. ನಾಯಕ ರಂಗದ ಮೇಲಿರುವಾಗ ಪೋಷಕ ನಟ ರಂಗದ ಪಕ್ಕದ ಮರೆಯಲ್ಲಿ, ಸೈಡ್‌ವಿಂಗಿನಲ್ಲಿ ನಿಂತು ಇಡೀ ನಾಟಕ ನೋಡುತ್ತಿರುತ್ತಾನೆ. ಯಾವ ಸೀನಿನ ನಂತರ ಎಷ್ಟು ಹೊತ್ತು ಸಿಗುತ್ತದೆ, ಯಾರ ಕಿರೀಟ ಯಾವಾಗ ಬೇಕು, ಎಲ್ಲಿ ಗದ್ದಲವಾಗುತ್ತದೆ ಎಂಬುದು ಅವನಿಗೆ ಗೊತ್ತು. ಈ ಅಂಗಡಿಯ ಬೆಲೆ ಇರುವುದು ಆ ತಿಳಿವಳಿಕೆಯಲ್ಲಿ.

ಟ್ರಂಕು ತೆರೆದರೆ ಅದು ಗೊತ್ತಾಗುತ್ತದೆ. ಬೇರೆ ಕಡೆ ಕಿರೀಟಗಳೆಲ್ಲ ಒಂದು ಪೆಟ್ಟಿಗೆ, ಭುಜಕೀರ್ತಿಗಳೆಲ್ಲ ಇನ್ನೊಂದು. ಇಲ್ಲಿ ಪಾತ್ರಕ್ಕೊಂದು ಗಂಟು. ದುರ್ಯೋಧನನ ಗಂಟಿನಲ್ಲಿ ಕಿರೀಟ, ಎದೆಕಟ್ಟು, ಭುಜಕೀರ್ತಿ, ಡಾಬು, ಜರಿಪಂಚೆ, ಕಿರೀಟದೊಳಗೆ ಸುತ್ತುವ ಹತ್ತಿಬಟ್ಟೆ ಎಲ್ಲವೂ ಇರುತ್ತವೆ, ಮೇಲೆ ಪಾತ್ರದ ಹೆಸರಿನ ಚೀಟಿ. ಆ ಹತ್ತಿಬಟ್ಟೆ ಮರೆತರೆ ಎರಡನೇ ಅಂಕದ ಹೊತ್ತಿಗೆ ಕಿರೀಟ ಹಣೆ ಕೊರೆಯುತ್ತದೆ, ಬೆವರಿಗೆ ಹುಬ್ಬಿನವರೆಗೂ ಜಾರುತ್ತದೆ.

ಪರದೆಗಳು ಕೈಯಲ್ಲಿ ಬರೆದವು. ಅಂಕದ ಪರದೆ (ರಂಗದ ಎಲ್ಲಕ್ಕಿಂತ ಮುಂದಿನದು), ಬೀದಿ, ಕಾಡು, ದರ್ಬಾರು ಕಡ್ಡಾಯವಾಗಿ ಬರುತ್ತವೆ. ಉದ್ಯಾನ, ಮನೆ ಕೇಳಿದರೆ ಸೇರಿಸುತ್ತಾರೆ. ಮೇಲಂಚು ಕೆಳಅಂಚಿಗೆ ಗಳ ತೂರಿಸುವಂತೆ ಬಟ್ಟೆ ಮಡಚಿ ಹೊಲಿದಿದೆ. ಗಳ, ಕಂಬ ಊರವರದು. ರಂಗ 30 ಅಡಿ ಅಗಲ, 24 ಅಡಿ ಆಳ ಇರಲಿ ಎನ್ನುತ್ತಾರೆ. ಆಳದ ವಿಷಯದಲ್ಲಿ ರಾಜಿ ಬೇಡ. ಅಂಕದ ಪರದೆಯಿಂದ 6 ಅಡಿ ಹಿಂದೆ ಬೀದಿ, ಅಲ್ಲಿಂದ 6 ಅಡಿಗೆ ಕಾಡು, ಮತ್ತೆ 10 ಅಡಿಗೆ ದರ್ಬಾರು, ಅದರ ಹಿಂದೆ ಓಡಾಡಲು 2 ಅಡಿ. ಬೀದಿ ಪರದೆಯ ಮುಂದೆ ಹಾಸ್ಯದ ಸೀನು ನಡೆಯುವಾಗಲೇ ಹಿಂದೆ ಸಿಂಹಾಸನ ಇಟ್ಟು ಮುಗಿಸಬೇಕು, ಅದಕ್ಕಾಗಿಯೇ ಈ ಲೆಕ್ಕ. ಜಾಗ ಸಾಲದೆಂದು ಎಲ್ಲ ಪರದೆಗಳನ್ನೂ ಹಿಂದಕ್ಕೆ ಒತ್ತಿ ಕಟ್ಟಿದರೆ ಪ್ರತಿ ಸೀನಿಗೂ ಅಂಕದ ಪರದೆ ಇಳಿಬಿಟ್ಟು ಕಾಯಬೇಕಾಗುತ್ತದೆ, ನಾಟಕ ಬೆಳಗಿನವರೆಗೂ ಎಳೆಯುತ್ತದೆ.

ಬಯಲಿನಲ್ಲಿ ಗಾಳಿಯದು ದೊಡ್ಡ ಕಾಟ. ಕೆಳಗಿನ ಗಳದ ಎರಡೂ ತುದಿಗೆ ಮರಳಿನ ಚೀಲ ಕಟ್ಟಿ. ಹಾಲೋಜನ್ ದೀಪ ಪರದೆಯಿಂದ ಕನಿಷ್ಠ 3 ಅಡಿ ದೂರವಿರಲಿ, ಗಾಳಿಗೆ ಬಟ್ಟೆ ಹಾರಿ ತಾಗಿದರೆ ಬೆಂಕಿ.

ಲೈಟು ಎಂಟು, ಒಂದೊಂದು 1000 ವ್ಯಾಟ್. ಸೌಂಡು ಸೇರಿದರೆ 10 ಕಿಲೋವ್ಯಾಟ್ ಹತ್ತಿರವಾಗುತ್ತದೆ. ದೇವಸ್ಥಾನದ ಮೀಟರಿನಿಂದ ಎಳೆದರೆ ಫ್ಯೂಸ್ ನಿಲ್ಲುವುದಿಲ್ಲ, 15 ಕೆವಿಎ ಜನರೇಟರ್ ಹೇಳಿಬಿಡಿ. ಯುದ್ಧದ ಸೀನಿಗೆ ದೀಪಗಳಿಗೆಲ್ಲ ಕೆಂಪು ಬಣ್ಣದ ಹಾಳೆ ಹಾಕಿಸಲು ಹುಡುಗರು ಹಟ ಮಾಡುತ್ತಾರೆ. ಕೆಂಪು ಬೆಳಕಿನಲ್ಲಿ ಹಸಿರು ಪೋಷಾಕು ಕಪ್ಪಾಗಿ ಕಾಣುತ್ತದೆ, ಎರಡು ದೀಪವನ್ನಾದರೂ ಬಿಳಿ ಉಳಿಸಿ.

ಮೇಕಪ್ಪಿಗೆ ಇಬ್ಬರು ಬರುತ್ತಾರೆ. ಪೌರಾಣಿಕ ಮುಖಕ್ಕೆ ಅರ್ಧ ಗಂಟೆಗಿಂತ ಹೆಚ್ಚೇ ಬೇಕು. ಹದಿನೈದು ಪಾತ್ರವಿದ್ದರೆ ಇಬ್ಬರಿಗೂ ನಾಲ್ಕು ಗಂಟೆ ದಾಟುತ್ತದೆ. ರಾತ್ರಿ 10ಕ್ಕೆ ನಾಂದಿ ಎಂದರೆ ಸಂಜೆ 5ಕ್ಕೇ ಕೂರಬೇಕು. ಊರಿನ ದೊಡ್ಡವರು ಮೊದಲು ಕೂರುವ ಪದ್ಧತಿಯನ್ನು ಯಜಮಾನರು ಒಪ್ಪುವುದಿಲ್ಲ. ಮೊದಲ ಸೀನಿನಲ್ಲಿ ಬರುವವರ ಪಟ್ಟಿ ಕೈಯಲ್ಲಿ ಹಿಡಿದು, “ದ್ವಾರಪಾಲಕ ಯಾರಪ್ಪಾ, ನೀನು ಬಾ. ಗೌಡ್ರೇ, ನಿಮ್ಮದು ಮೂರನೇ ಸೀನು, ಊಟ ಮಾಡ್ಕೊಂಡು ಬರ್ರಿ” ಎಂದು ಕರೆಯುತ್ತಾರೆ. ಇದೊಂದಕ್ಕೇ ಅವರಿಗೆ ಕೈಮುಗಿಯಬೇಕು.

ಮೀಸೆ ಅಂಟಿಸಿಕೊಳ್ಳುವವರು ಅವತ್ತೇ ಕ್ಷೌರ ಮಾಡಿಸಿರಬೇಕು, ಮುಖಕ್ಕೆ ಎಣ್ಣೆ, ಕ್ರೀಮು ಹಚ್ಚಿರಬಾರದು. ಮೀಸೆಯ ಅಂಟು, ಅಂದರೆ ಸ್ಪಿರಿಟ್ ಗಮ್, ಹಚ್ಚಿದ ಕೂಡಲೇ ಕೂದಲು ಒತ್ತಿದರೆ ಜಾರುತ್ತದೆ. ಬೆರಳಿಗೆ ಜಿಗುಟು ಹತ್ತುವವರೆಗೆ ಬಿಟ್ಟು ಆಮೇಲೆ ಒತ್ತಬೇಕು. ತೆಗೆಯುವಾಗ ಕಿತ್ತರೆ ಚರ್ಮ ಸುಲಿಯುತ್ತದೆ, ಕೊಬ್ಬರಿ ಎಣ್ಣೆಯಲ್ಲಿ ನೆನೆಸಿ ಬಿಡಿಸಿ.

ಕೊರತೆಗೆ ಬರೋಣ. ಮೊದಲನೆಯದು ಮೈಕು. ಇವರಲ್ಲಿರುವುದು ಮೇಲಿಂದ ತೂಗುಬಿಡುವ ಮೈಕುಗಳು. ಕಂಪನಿ ನಟರು ಗಂಟಲು ಎತ್ತಿ ಮಾತಾಡುತ್ತಿದ್ದರು, ಅವರಿಗೆ ಸಾಕಿತ್ತು. ಸಾಮಾಜಿಕ ನಾಟಕದಲ್ಲಿ ಗಂಡಹೆಂಡತಿ ಮೆಲ್ಲಗೆ ಆಡುವ ಮಾತು ಹಿಂದಿನ ಸಾಲಿಗೆ ಮುಟ್ಟುವುದೇ ಇಲ್ಲ. ಕಾಲರ್ ಮೈಕು ಬೇರೆ ಕಡೆ ಹೇಳಿ. ಎರಡನೆಯದು, ಮನೆ ಸೀನು ಎಂದು ಹೊಸದಾಗಿ ಮಾಡಿಸಿದ ಫ್ಲೆಕ್ಸ್ ಪರದೆ. ಬಟ್ಟೆಯ ಮೇಲಿನ ಬಣ್ಣ ಬೆಳಕು ಹೀರುತ್ತದೆ, ಫ್ಲೆಕ್ಸ್ ಹೊಳೆದು ನಟರ ಮುಖವನ್ನೇ ಮಂಕು ಮಾಡುತ್ತದೆ. ಬಟ್ಟೆಯ ಮನೆ ಪರದೆಯನ್ನೇ ಕೇಳಿ, ಹಳತಾದರೂ ಅದೇ ಚೆಂದ. ವಿಗ್ಗುಗಳೂ ಸವೆದಿವೆ, ಮುಂಗಡ ಕೊಡುವ ದಿನವೇ ತಲೆಗೆ ಹಾಕಿ ನೋಡಿ ಆರಿಸಿಡಿ. ಸ್ತ್ರೀಪಾತ್ರದ ಕಲಾವಿದೆಯರು, ಹಾರ್ಮೋನಿಯಂ ಮಾಸ್ತರ್ ಈ ಅಂಗಡಿಯ ಲೆಕ್ಕಕ್ಕೆ ಬರುವುದಿಲ್ಲ, ಅದು ನಿಮ್ಮ ನಾಟಕದ ಮಾಸ್ತರರ ಕೆಲಸ.

ಸಂಕ್ರಾಂತಿಯಿಂದ ಬಸವ ಜಯಂತಿವರೆಗೆ ಸೀಸನ್. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಯ ಆಸುಪಾಸು ತಾರೀಖು ಸಿಗುವುದು ಕಷ್ಟ. ಒಂದೇ ರಾತ್ರಿಗೆ ಎರಡು ಊರು ಒಪ್ಪಿಕೊಳ್ಳುವವರಲ್ಲ, ಹಾಗಾಗಿ ಮೊದಲೇ ಹೋಗಿ. ಮುಂಗಡದ ಚೀಟಿಯಲ್ಲಿ ಪರದೆಗಳ ಹೆಸರು, ಪಾತ್ರಗಳ ಸಂಖ್ಯೆ, ಗಾಡಿ ಬಾಡಿಗೆ ಯಾರದು ಎಂಬುದನ್ನು ಬರೆಸಿಕೊಳ್ಳಿ. ವಾಪಸು ಕೊಡುವಾಗ ಅವರು ಮೊದಲು ನೋಡುವುದು ಪರದೆಯನ್ನೇ. ಇಬ್ಬನಿಗೆ ನೆಂದಿದ್ದರೆ ಬಿಸಿಲು ಬರುವವರೆಗೆ ಇಳಿಸಬೇಡಿ. ಹಸಿಯಾಗಿ ಸುತ್ತಿದರೆ ಬಣ್ಣ ಒಂದಕ್ಕೊಂದು ಅಂಟಿ ಏಳುತ್ತದೆ, ಅದರ ದಂಡ ಸಮಿತಿಯ ಮೇಲೆಯೇ.