ಗಿಡದ ಕತ್ತರಿಯನ್ನು ಸಾಣೆ ಮಷಿನ್‌ಗೆ ಕೊಡಬೇಡಿ, ನಾನು ಕೊಟ್ಟು ಕೆಟ್ಟೆ

ಮಳೆ ಹಿಂದೆ ಸರಿಯುತ್ತಿದೆ. ಪುಣೆಯಲ್ಲಿ ಗುಲಾಬಿ ಇಟ್ಟುಕೊಂಡವರೆಲ್ಲ ಇನ್ನೇನು ಗಿಡ ಸವರಲು ಕತ್ತರಿ ಹುಡುಕುವ ಹೊತ್ತು. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ. ಕತ್ತರಿ ಮೊಂಡಾಗಿದೆ ಅಂತ ದಾರಿಯಲ್ಲಿ ಕಂಡ ಸಾಣೆ ಅಂಗಡಿಗೆ ಕೊಡಬೇಡಿ. ಕಳೆದ ವರ್ಷ ನಾನು ಕೊಟ್ಟೆ. 60 ರೂಪಾಯಿ ಕೊಟ್ಟು ನಾಲ್ಕು ಸಾವಿರದ ಕತ್ತರಿ ಕೆಡಿಸಿಕೊಂಡೆ, ಅದರ ಹಿಂದೆಯೇ ಆರು ಗಿಡವೂ ಹೋದವು.

ನಾನು ಇರೋದು ಪುಣೆಯ ಕೊಥ್ರೂಡ್‌ನಲ್ಲಿ, ಟೆರೇಸ್ ಮೇಲೆ 22 ಕುಂಡ ಗುಲಾಬಿ. ಅರ್ಧಕ್ಕರ್ಧ ಗ್ಲಾಡಿಯೇಟರ್ ತಳಿ, ಉಳಿದವು ಜನವರಿಯಲ್ಲಿ ಎಂಪ್ರೆಸ್ ಗಾರ್ಡನ್ ಪುಷ್ಪ ಪ್ರದರ್ಶನಕ್ಕೆ ಹೋದಾಗಲೆಲ್ಲ ಆಸೆಗೆ ಬಿದ್ದು ಹೊತ್ತು ತಂದವು. ಊರು ವಿಜಯಪುರದ ಕಡೆ. ನಮ್ಮ ಮಾಮಾ ದ್ರಾಕ್ಷಿ ತೋಟ ಮಾಡುತ್ತಾರೆ. ಏಪ್ರಿಲ್‌ನಲ್ಲಿ ಒಂದು ಚಾಟ್ನಿ (ಬಳ್ಳಿ ಸವರುವುದು), ಅಕ್ಟೋಬರ್‌ನಲ್ಲಿ ಇನ್ನೊಂದು ಚಾಟ್ನಿ, ಆ ದಿನಗಳಲ್ಲಿ ತೋಟದ ತುಂಬ ಕತ್ತರಿಯ ಟಕ್ ಟಕ್ ಸದ್ದು ಕೇಳುತ್ತಲೇ ಬೆಳೆದವನು ನಾನು. ಹಾಗಾಗಿ ಕತ್ತರಿ ವಿಷಯ ನನಗೆ ಗೊತ್ತು ಅನ್ನೋ ಜಂಬ ಇತ್ತು. ಕೇಳಿದ್ದೆ ಅಷ್ಟೇ, ಕೈಯಲ್ಲಿ ಹಿಡಿದಿರಲಿಲ್ಲ.

ತಪ್ಪು ಶುರುವಾಗಿದ್ದು ಜೂನ್‌ನಲ್ಲೇ. ಗೆಳೆಯನೊಬ್ಬ ವಿದೇಶದಿಂದ ತಂದುಕೊಟ್ಟಿದ್ದ ಒಳ್ಳೆಯ ಬೈಪಾಸ್ ಕತ್ತರಿ, ಅಂದರೆ ಅಲಗು ಎದುರಿನ ದಪ್ಪ ಕೊಕ್ಕೆಯ ಪಕ್ಕದಿಂದ ದಾಟಿ ಹೋಗುವಂಥದ್ದು. ದೇವಕಣಗಿಲೆಯ ಕೊಂಬೆ ಕತ್ತರಿಸಿ, ಹಾಲು ಮೆತ್ತಿದ್ದನ್ನು ಒರೆಸದೆ ಹಾಗೇ ಟೆರೇಸ್ ಮೇಲಿನ ತಗಡಿನ ಡಬ್ಬಿಯಲ್ಲಿ ಹಾಕಿಟ್ಟೆ. ನಾಲ್ಕು ತಿಂಗಳ ಮಳೆಗಾಲ, ನಿಮಗೆ ಗೊತ್ತಲ್ವಾ, ಕಪಾಟಿನೊಳಗಿನ ಚಪ್ಪಲಿಗೂ ಬೂಸ್ಟು ಬರುತ್ತೆ. ಅಕ್ಟೋಬರ್‌ನಲ್ಲಿ ತೆಗೆದರೆ ಅಲಗಿನ ಮೇಲೆ ಕಂದು ಅಂಟು, ಅದರ ಕೆಳಗೆ ತುಕ್ಕು, ಸ್ಪ್ರಿಂಗ್ ಕಿರ್ ಅನ್ನುತ್ತಿತ್ತು. ಒಂದು ಕಡ್ಡಿ ಕತ್ತರಿಸಿ ನೋಡಿದೆ. ತುಂಡಾಯಿತು, ಆದರೆ ಸಿಪ್ಪೆ ಒಂದು ಕಡೆ ಉದ್ದಕ್ಕೆ ಸುಲಿದು ನೇತಾಡಿತು.

ಈಗ ಅನ್ನಿಸುತ್ತೆ, ಅವತ್ತು ಸ್ಪಿರಿಟ್ ಹಾಕಿ ಒರೆಸಿ, ನಟ್ಟು ಕಾಲು ಸುತ್ತು ಬಿಗಿ ಮಾಡಿದ್ದರೆ ಅರ್ಧ ತೊಂದರೆ ಅಲ್ಲೇ ಮುಗಿಯುತ್ತಿತ್ತು. ಮೊಂಡು ಅಂದುಕೊಳ್ಳುವ ಎಷ್ಟೋ ಕತ್ತರಿಗಳು ಮೊಂಡಾಗಿರೋದೇ ಇಲ್ಲ, ಅಂಟಾಗಿರುತ್ತವೆ ಅಥವಾ ಸಡಿಲ ಆಗಿರುತ್ತವೆ.

ನಾನು ಮಾಡಿದ್ದೇನು? ಅಡುಗೆ ಮನೆಯ ಎರಡು ಚಾಕು, ಒಂದು ಬಟ್ಟೆ ಕತ್ತರಿ, ಅದರ ಜೊತೆ ಇದನ್ನೂ ಚೀಲಕ್ಕೆ ಹಾಕಿಕೊಂಡು ಸಾಣೆ ಹಿಡಿಯುವ ಅಂಗಡಿಗೆ ಹೋದೆ. ಮೋಟಾರ್ ಮಷಿನ್, ಗಡಸು ಕಲ್ಲಿನ ಚಕ್ರ. "ಕಾಕಾ, ಇದು ಗಿಡದ್ದು, ಸ್ವಲ್ಪ ನೋಡಿ ಮಾಡಿ" ಅಂದೆ. "ಚಿಂತೆ ಬಿಡಿ ಸಾಹೇಬ್, ದಾಡಿ ಮಾಡ್ಕೋಬಹುದು, ಹಾಗೆ ಮಾಡಿ ಕೊಡ್ತೀನಿ" ಅಂದರು. ಒಂದು ಬದಿ ಒತ್ತಿದರು, ಕಿಡಿ ಹಾರಿತು. ತಿರುಗಿಸಿ ಇನ್ನೊಂದು ಬದಿ ಒತ್ತಿದರು, ಮತ್ತೆ ಕಿಡಿ. ನೀರಿಗೆ ಅದ್ದಲಿಲ್ಲ. ಎರಡು ನಿಮಿಷದಲ್ಲಿ ಕೈಗೆ ಬಂತು, ಇನ್ನೂ ಬಿಸಿ ಇತ್ತು. ಅಂಚು ಕನ್ನಡಿ ಹಾಗೆ ಹೊಳೆಯುತ್ತಿತ್ತು, ತುದಿಯ ಹತ್ತಿರ ಒಂದು ಬೆರಳಷ್ಟು ಜಾಗದಲ್ಲಿ ನವಿಲುಗರಿಯ ನೀಲಿ. ಎಷ್ಟು ಚೆನ್ನಾಗಿದೆ ಅಂದುಕೊಂಡೆ!

ಆ ನೀಲಿಯೇ ಕೆಟ್ಟ ಸುದ್ದಿ. ಉಕ್ಕು ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗೆ ಕಾದಾಗ ಆ ಬಣ್ಣ ಬರುತ್ತೆ. ಕಾರ್ಖಾನೆಯಲ್ಲಿ ಕೊಟ್ಟ ಹದ ಅಷ್ಟಕ್ಕೇ ಇಳಿದುಹೋಗುತ್ತೆ. ಅಂಚು ಮೆತ್ತಗಾಗುತ್ತೆ. ಎಷ್ಟು ಚೂಪು ಮಾಡಿದರೂ ನಾಲ್ಕು ಕಡ್ಡಿ ಕತ್ತರಿಸುವಷ್ಟರಲ್ಲಿ ಮಡಚಿಕೊಳ್ಳುತ್ತೆ.

ಮರುದಿನ ಭಾನುವಾರ, ಬೆಳಗ್ಗೆ ಟೆರೇಸ್ ಹತ್ತಿದೆ. ಬೆರಳಿಗೆ ತಾಗಿಸಿದರೆ ಕೊಯ್ಯುವಷ್ಟು ಚೂಪು, ಆದರೆ ಹಸಿ ಕಡ್ಡಿ ಇಟ್ಟು ಒತ್ತಿದರೆ ಕತ್ತರಿಸುತ್ತಿಲ್ಲ! ಕಡ್ಡಿ ಅಲಗಿಗೂ ಕೊಕ್ಕೆಗೂ ಮಧ್ಯೆ ಮಡಚಿ ಸಿಕ್ಕಿಕೊಳ್ಳುತ್ತೆ, ಎಳೆದರೆ ನಾರು ನಾರಾಗಿ ಹರಿದು ಬರುತ್ತೆ. ಹಟಕ್ಕೆ ಬಿದ್ದು ಹನ್ನೆರಡು ಕುಂಡ ಹೀಗೇ ಮುಗಿಸಿದೆ. ಆವತ್ತೇ ಸಿಟ್ಟಿನಲ್ಲಿ ಆನ್‌ಲೈನ್‌ನಲ್ಲಿ 349 ರೂಪಾಯಿಗೆ ಇನ್ನೊಂದು ತರಿಸಿದೆ, "ಎಲ್ಲ ಗಿಡಕ್ಕೂ ಒಂದೇ" ಅಂತ ಫೋಟೋ ಮೇಲೆ ದೊಡ್ಡದಾಗಿ ಬರೆದಿತ್ತು. ಎರಡು ದಿನದಲ್ಲಿ ಬಂತು, ಅದರಲ್ಲಿ ಉಳಿದ ಹತ್ತು ಕುಂಡ ಕತ್ತರಿಸಿದೆ.

ಹದಿನೈದು ದಿನಕ್ಕೆ ಕೆಲವು ಗಿಡಗಳಲ್ಲಿ ಕೆಂಪು ಚಿಗುರು ಬಂತು. ಇನ್ನು ಕೆಲವದರಲ್ಲಿ ಕತ್ತರಿಸಿದ ತುದಿಯಿಂದ ಕಪ್ಪು ಇಳಿಯತೊಡಗಿತು. ಇವತ್ತು ಅರ್ಧ ಇಂಚು, ನಾಲ್ಕು ದಿನ ಬಿಟ್ಟು ಎರಡು ಇಂಚು, ಊದುಬತ್ತಿ ಉರಿದು ಇಳಿದ ಹಾಗೆ. ಹೆದರಿ ಮಾಮಾಗೆ ವಿಡಿಯೋ ಕಾಲ್ ಮಾಡಿದೆ.

"ಮಾಮಾ, ಕತ್ತರಿ ಚೂಪೇ ಐತಿ, ಆದ್ರ ಕಡ್ಡಿ ಕಡಿವಲ್ದು."

"ಮೊದಲ ಅದನ್ನ ಮುಚ್ಚಿ ಬೆಳಕಿಗೆ ಹಿಡಿ. ನಡುವ ಬೆಳಕು ಕಾಣ್ತೈತೇನು?"

ಹಿಡಿದೆ. ಅಲಗಿಗೂ ಕೊಕ್ಕೆಗೂ ನಡುವೆ ಕೂದಲೆಳೆಯಷ್ಟಲ್ಲ, ಪೋಸ್ಟ್‌ಕಾರ್ಡ್ ತೂರುವಷ್ಟು ಬೆಳಕು.

"ಎರಡೂ ಕಡಿ ಸಾಣಿ ಹಿಡಿಸೀದಿ ಏನಪಾ? ಅದೇನ್ ಈಳಿಗಿ ಅಂತ ತಿಳಿದೇನು?"

ವಿಷಯ ಇಷ್ಟೇ. ಬೈಪಾಸ್ ಕತ್ತರಿಯಲ್ಲಿ ಒಂದೇ ಅಲಗಿಗೆ ಬಾಯಿ ಇರುತ್ತೆ, ಅದೂ ಹೊರ ಬದಿಗೆ ಮಾತ್ರ ಇಳಿಜಾರು. ಒಳ ಬದಿ ಪೂರ್ತಿ ಸಪಾಟು. ಆ ಸಪಾಟು ಬದಿ ಕೊಕ್ಕೆಯನ್ನು ಉಜ್ಜಿಕೊಂಡು ದಾಟಿ ಹೋಗುವುದರಿಂದಲೇ ಕಡ್ಡಿ ನೀಟಾಗಿ ತುಂಡಾಗುತ್ತೆ. ಒಳ ಬದಿಗೂ ಇಳಿಜಾರು ಕೊಟ್ಟರೆ ನಡುವೆ ಸಂದು ಬೀಳುತ್ತೆ, ಕಡ್ಡಿ ಆ ಸಂದಿಗೆ ಜಾರುತ್ತೆ. ಚಾಕುವಿಗೆ ಎರಡೂ ಬದಿ ಸರಿ, ಇದಕ್ಕೆ ಅಲ್ಲ. ಸಾಣೆಯ ಕಾಕಾರದ್ದು ಏನೂ ತಪ್ಪಿಲ್ಲ ಅಂತ ನಾನು ಹೇಳಲ್ಲ, ಆದರೆ ಅವರು ದಿನವಿಡೀ ಹಿಡಿಯೋದು ಚಾಕು, ಚೂರಿ. ಗೊತ್ತಿರಬೇಕಾದವನು ನಾನು.

349ರ ಕತ್ತರಿ ತೋರಿಸಿದೆ. ಮಾಮಾ ನಕ್ಕುಬಿಟ್ಟರು. ಅದು ಆನ್ವಿಲ್ ಅನ್ನೋ ಬೇರೆಯೇ ಜಾತಿ. ಅಲಗು ನೇರವಾಗಿ ಒಂದು ಚಪ್ಪಟೆ ಪಟ್ಟಿಯ ಮೇಲೆ ಬಂದು ಕೂರುತ್ತೆ, ಹಲಗೆಯ ಮೇಲೆ ತರಕಾರಿ ಹೆಚ್ಚಿದ ಹಾಗೆ. ಒಣ ಕಡ್ಡಿಗೆ ಚೆನ್ನ. ಹಸಿ ಕಡ್ಡಿಯನ್ನು ಜಜ್ಜಿಬಿಡುತ್ತೆ. ಗುಲಾಬಿಗೆ, ದಾಸವಾಳಕ್ಕೆ, ನಿಂಬೆಗೆ ಬೈಪಾಸೇ ಬೇಕು. ಕೊಳ್ಳುವಾಗ ಹೆಸರು ನೋಡಬೇಡಿ, ಮುಚ್ಚಿ ನೋಡಿ: ಅಲಗು ಪಟ್ಟಿಯ ಮೇಲೆ ನಿಂತರೆ ಆನ್ವಿಲ್, ಪಕ್ಕದಿಂದ ದಾಟಿ ಹೋದರೆ ಬೈಪಾಸ್. ಹಾಗೇ ಬಿಚ್ಚಲು ಬರುತ್ತಾ ಅಂತಲೂ ನೋಡಿ. ರಿವೆಟ್ ಹೊಡೆದಿದ್ದರೆ ಬಿಟ್ಟುಬಿಡಿ, ನಟ್ಟು ಬೋಲ್ಟ್ ಇರಬೇಕು. ಬಿಡಿ ಭಾಗ ಸಿಗುವಂಥದ್ದಾದರೆ ಇನ್ನೂ ಒಳ್ಳೆಯದು. ಸ್ವಿಟ್ಜರ್‌ಲೆಂಡ್‌ನ ಫೆಲ್ಕೊ 1945ರಿಂದ ಈ ಕೆಲಸದಲ್ಲಿದೆ, ಅವರ ಬ್ಲೇಡು, ಸ್ಪ್ರಿಂಗು ಎಲ್ಲ ಬಿಡಿಯಾಗಿ ಬರುತ್ತೆ. ನನ್ನ ಕತ್ತರಿ ಉಳಿದುಕೊಂಡಿದ್ದೂ ಹಾಗೇ, ಹೊಸ ಬ್ಲೇಡ್ ಹಾಕಿಸಿ. ಆ ಬ್ಲೇಡಿಗೆ ಕೊಟ್ಟ ದುಡ್ಡಲ್ಲಿ ಇನ್ನೊಂದು ಸಾಧಾರಣ ಕತ್ತರಿಯೇ ಬರುತ್ತಿತ್ತು ಅನ್ನೋದು ಬೇರೆ ಮಾತು.

ಈಗ ಸಾಣೆ ನಾನೇ ಹಿಡಿಯುತ್ತೇನೆ. ರವಿವಾರ್ ಪೇಠೆಯ ಬೋಹ್ರಿ ಆಳಿಗೆ ಹೋಗಿ ಒಂದು ಸಣ್ಣ ಡೈಮಂಡ್ ಅರ ತಂದೆ, ಬೆರಳುದ್ದದ್ದು. ಕತ್ತರಿ ಬಿಚ್ಚುವ ಮೊದಲು ಒಂದು ಫೋಟೋ ತೆಗೆದುಕೊಳ್ಳಿ, ವಾಷರ್ ಯಾವ ಕಡೆ ಇತ್ತು ಅಂತ ಆಮೇಲೆ ಒದ್ದಾಡೋದು ಬೇಡ. ಅಂಟಿಗೆ ಸ್ಪಿರಿಟ್ ಅಥವಾ ಟರ್ಪೆಂಟೈನ್, ತುಕ್ಕಿಗೆ ಸ್ಟೀಲ್ ಉಣ್ಣೆ. ಆಮೇಲೆ ಒಂದು ಉಪಾಯ, ಇದನ್ನ ಮಾಮಾ ಹೇಳಿದ್ದಲ್ಲ, ನಾನೇ ಕಂಡುಕೊಂಡಿದ್ದು ಅಂತ ಜಂಬ ಪಡುತ್ತಿದ್ದೆ, ಎಲ್ಲರೂ ಮಾಡುತ್ತಾರೆ ಅಂತ ಆಮೇಲೆ ಗೊತ್ತಾಯಿತು: ಇಳಿಜಾರು ಬದಿಗೆ ಕಪ್ಪು ಮಾರ್ಕರ್ ಬಳಿದು, ಅರ ಇಟ್ಟು ಮೆಲ್ಲಗೆ ಎರಡು ಸಲ ಎಳೆದು ನೋಡಿ. ಅಂಚಿನ ಹತ್ತಿರ ಮಾತ್ರ ಬಣ್ಣ ಹೋಗಿದ್ದರೆ ಅರವನ್ನು ಜಾಸ್ತಿ ಎತ್ತಿ ಹಿಡಿದಿದ್ದೀರಿ, ಮೇಲಿನ ಭಾಗದಲ್ಲಿ ಮಾತ್ರ ಹೋಗಿದ್ದರೆ ತೀರಾ ಮಲಗಿಸಿದ್ದೀರಿ. ಪೂರ್ತಿ ಹೋದರೆ ಕಾರ್ಖಾನೆಯ ಕೋನವೇ ಸಿಕ್ಕಿದೆ ಅಂತ, ಸಾಮಾನ್ಯವಾಗಿ 20ರಿಂದ 25 ಡಿಗ್ರಿ. ಬುಡದಿಂದ ತುದಿಗೆ, ಅಲಗಿನ ಬಾಗು ಹೇಗಿದೆಯೋ ಹಾಗೆ, ಒಂದೇ ದಿಕ್ಕಿಗೆ ಎಂಟು ಹತ್ತು ಸಲ. ಕೈಯಲ್ಲಿ ಮಾಡುವಾಗ ಅಲಗು ಕಾಯುವ ಭಯವಿಲ್ಲ.

ಆಗ ಸಪಾಟು ಬದಿಯಲ್ಲಿ ಉಗುರಿಗೆ ಗರಗರ ತಾಗುವ, ಕೂದಲಿನಂಥ ಸಣ್ಣ ಅಂಚು ಏಳುತ್ತೆ. ಅದನ್ನು ತೆಗೆಯಲು ಅರವನ್ನು ಸಪಾಟಾಗಿ ಮಲಗಿಸಿ ಒಂದೇ ಒಂದು ಸಲ ಎಳೆಯಿರಿ. ಆ ಬದಿಗೆ ಅಷ್ಟೇ, ಒಂದು ಎಳೆ ಜಾಸ್ತಿ ಬೇಡ. ಕೊಕ್ಕೆಯನ್ನಂತೂ ಮುಟ್ಟಲೇಬೇಡಿ. ಜೋಡಿಸಿ, ನ್ಯೂಸ್‌ಪೇಪರ್ ಹಾಳೆ ಕತ್ತರಿಸಿ ನೋಡಿ. ಬುಡದಿಂದ ತುದಿಯವರೆಗೆ ಎಲ್ಲೂ ಮಡಚದೆ ಕತ್ತರಿಸಬೇಕು. ಕೊನೆಗೆ ಹೊಲಿಗೆ ಮಷಿನ್ ಎಣ್ಣೆ ಎರಡು ಹನಿ. ಕೊಬ್ಬರಿ ಎಣ್ಣೆ ಹಾಕಿ ನೋಡಿದ್ದೆ, ಡಿಸೆಂಬರ್ ಚಳಿಗೆ ಗಟ್ಟಿಯಾಗಿ ಕೂತಿತು.

ಗಿಡದ ವಿಷಯಕ್ಕೆ ಬಂದರೆ, ಕಪ್ಪಾದ ಕೊಂಬೆಗಳನ್ನು ಒಳಗಿನ ತಿರುಳು ಬೆಳ್ಳಗೆ ಕಾಣುವವರೆಗೆ ಕೆಳಕ್ಕೆ ಕತ್ತರಿಸಿ, ಮೈಲುತುತ್ತು ಸುಣ್ಣದ ಬೋರ್ಡೊ ಪೇಸ್ಟ್ ಹಚ್ಚಿದೆ. ಕೆಲವು ಬದುಕಿದವು. ಆರು ಉಳಿಯಲಿಲ್ಲ, ಅದರಲ್ಲಿ ಮೂರು ಒಂದೇ ಸಾಲಿನವು. ಇದಕ್ಕೂ ಮಾಮಾ ಬೈದರು, ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಒರೆಸಿದ್ದೇನು ಅಂತ. ಒರೆಸಿರಲಿಲ್ಲ. ದಾಳಿಂಬೆ ಬೆಳೆಯುವವರನ್ನು ಕೇಳಿ, ದುಂಡಾಣು ಅಂಗಮಾರಿ, ಇಲ್ಲಿ ಮರಾಠಿಯಲ್ಲಿ ತೇಲ್ಯಾ ಅನ್ನುತ್ತಾರಲ್ಲ ಅದು, ಕತ್ತರಿಯ ಬಾಯಲ್ಲೂ ಒಂದು ಗಿಡದಿಂದ ಇನ್ನೊಂದಕ್ಕೆ ದಾಟುತ್ತೆ. ಅದಕ್ಕೇ ಅವರು ಗಿಡ ಗಿಡಕ್ಕೂ ಕತ್ತರಿಯನ್ನು ಔಷಧಿ ನೀರಿಗೆ ಅದ್ದುತ್ತಾರೆ. ನಮ್ಮ ಟೆರೇಸ್‌ಗೆ 70 ಪರ್ಸೆಂಟ್ ಸ್ಪಿರಿಟ್ ಅದ್ದಿದ ಬಟ್ಟೆ ಸಾಕು. ಬ್ಲೀಚ್ ಬಳಸಿದರೆ ಮುಗಿದ ಮೇಲೆ ನೀರಲ್ಲಿ ತೊಳೆದು, ಒರೆಸಿ, ಎಣ್ಣೆ ಹಾಕಿ, ಇಲ್ಲದಿದ್ದರೆ ಅದೇ ಉಕ್ಕನ್ನು ತಿನ್ನುತ್ತೆ.

ಹಾಂ, ಕತ್ತರಿ ಹಿಡಿಯುವ ರೀತಿಯೂ ಒಂದಿದೆ. ತೆಳು ಅಲಗು ಗಿಡದಲ್ಲಿ ಉಳಿಯುವ ಭಾಗದ ಕಡೆ, ದಪ್ಪ ಕೊಕ್ಕೆ ಬಿಸಾಡುವ ತುಂಡಿನ ಕಡೆ. ಕೊಕ್ಕೆ ಸ್ವಲ್ಪ ಜಜ್ಜುತ್ತೆ, ಆ ಜಜ್ಜು ಕಸಕ್ಕೆ ಹೋಗಲಿ. ಹೆಬ್ಬೆರಳಿಗಿಂತ ದಪ್ಪ ಕೊಂಬೆಗೆ ಕೈಗತ್ತರಿ ಹಾಕಿ ತಿರುಚಬೇಡಿ, ಅಲಗು ಸೊಟ್ಟಗಾಗುತ್ತೆ. ಸಣ್ಣ ಗರಗಸ ಇಟ್ಟುಕೊಳ್ಳಿ.

ಕೆಳಗಿನ ಫ್ಲೋರಿನ ಕಾಕೂ ಆಗಾಗ ಕತ್ತರಿ ಕೇಳಲು ಬರುತ್ತಾರೆ, ಒಮ್ಮೆ ಬಟ್ಟೆ ಒಣಹಾಕುವ ತಂತಿ ಕತ್ತರಿಸಿ ವಾಪಸ್ ಕೊಟ್ಟಿದ್ದರು. ಈಗ ಬಾಗಿಲ ಹಿಂದೆ ಮೊಳೆಗೆ 349ರದ್ದು ನೇತುಹಾಕಿದ್ದೇನೆ. ಕೇಳಿದ ಕೂಡಲೇ ಕೊಡುತ್ತೇನೆ, ಎಷ್ಟು ದಿನವಾದರೂ ಇಟ್ಟುಕೊಳ್ಳಿ ಅಂತ.