ಮೂರು ಯುದ್ಧಚಿತ್ರ, ಮೂರು ಬಗೆಯ ನಿಜ

ಹಳೆಯ ಕದನವೊಂದನ್ನು ನಂಬುವಂತೆ ತೋರಿಸಲು ನಿರ್ದೇಶಕರು ಮುಖ್ಯವಾಗಿ ಮೂರು ದಾರಿ ಹಿಡಿಯುತ್ತಾರೆ: ಬಯಲಿನ ತುಂಬ ನಿಜವಾದ ಜನರನ್ನು ನಿಲ್ಲಿಸುವುದು, ಕ್ಯಾಮೆರಾವನ್ನು ಸಿಪಾಯಿಯ ಪಕ್ಕದಲ್ಲೇ ಓಡಿಸುವುದು, ಕಂಪ್ಯೂಟರಿನಲ್ಲಿ ಸೈನ್ಯ ಬೆಳೆಸುವುದು. ಒಂದೊಂದಕ್ಕೂ ಒಂದು ಚಿತ್ರ ಆರಿಸಿ, ಕದನದ ನಕ್ಷೆ ಪಕ್ಕದಲ್ಲಿಟ್ಟುಕೊಂಡು ನೋಡಿದೆ. ಒಮ್ಮೆ ಧ್ವನಿ ನಿಲ್ಲಿಸಿ, ಇನ್ನೊಮ್ಮೆ ಕಣ್ಣು ಮುಚ್ಚಿ.

ಧ್ವನಿಯಿಲ್ಲದೆ ಗೆದ್ದದ್ದು 1970ರ ‘ವಾಟರ್‌ಲೂ’, ನೆಪೋಲಿಯನ್ನನ ಕೊನೆಯ ಕದನದ ಚಿತ್ರ. ಸೆರ್ಗೆಯ್ ಬೊಂಡಾರ್ಚುಕ್ ಇದಕ್ಕೆ ಸೋವಿಯತ್ ಸೇನೆಯ ಸಾವಿರಾರು ಯೋಧರನ್ನೇ ಬಳಸಿಕೊಂಡರು. ಚೌಕವ್ಯೂಹ ಕಟ್ಟಿ ನಿಂತ ಪದಾತಿಗಳ ಸುತ್ತ ಫ್ರೆಂಚ್ ಅಶ್ವದಳ ಸುಳಿಯುವುದನ್ನು ಮೇಲಿನಿಂದ ನೋಡಿದರೆ, ಬಂದೂಕಿನ ತುದಿಗೆ ಸಿಕ್ಕಿಸಿದ ಬಯೊನೆಟ್ ಕತ್ತಿಗಳ ಬೇಲಿಗೆ ಕುದುರೆ ಏಕೆ ನುಗ್ಗುವುದಿಲ್ಲ ಎಂಬುದು ಯಾರೂ ಹೇಳದೆಯೇ ತಿಳಿಯುತ್ತದೆ. ಆದರೆ ಗುಂಡು ಬಿದ್ದಲ್ಲೆಲ್ಲ ನೆಲ ಸಿಡಿಯುವುದು ಸಿನಿಮಾದ ಚಟ. ಆಗಿನ ಫಿರಂಗಿ ಗುಂಡುಗಳಲ್ಲಿ ಹೆಚ್ಚಿನವು ಗಟ್ಟಿ ಕಬ್ಬಿಣದವು. ನೆಲಕ್ಕೆ ಬಡಿದು ಪುಟಿಯುತ್ತ ಸಾಲಿನಲ್ಲಿ ನಿಂತವರನ್ನು ಕೆಡಹುತ್ತಿದ್ದವು. ಕೆಸರಿನಲ್ಲಿ ಅವು ಪುಟಿಯುವುದಿಲ್ಲ. 1815ರ ಜೂನ್ 18ರಂದು ನೆಪೋಲಿಯನ್ ನೆಲ ಒಣಗಲೆಂದು ಕಾದದ್ದಕ್ಕೆ ಇದೂ ಒಂದು ಕಾರಣ.

ಕಣ್ಣು ಮುಚ್ಚಿದಾಗ ಮೈ ನಡುಗಿಸಿದ್ದು ಸ್ಟೀವನ್ ಸ್ಪೀಲ್‌ಬರ್ಗ್‌ರ ‘ಸೇವಿಂಗ್ ಪ್ರೈವೇಟ್ ರಯಾನ್’ನ ಒಮಾಹಾ ದಡ, ಎರಡನೇ ಮಹಾಯುದ್ಧದಲ್ಲಿ ಅಮೆರಿಕನ್ ಸೈನಿಕರು ಇಳಿದ ಫ್ರಾನ್ಸಿನ ಕಡಲತೀರ. ಕಣ್ಣು ತೆರೆದರೂ ಅದರ ಬಿಗಿ ಸಡಿಲುವುದಿಲ್ಲ: ಕ್ಯಾಮೆರಾದ ಶಟರ್ ಕೋನವನ್ನು ಕಿರಿದಾಗಿಸಿ, ಪ್ರತಿ ಚೌಕಟ್ಟಿಗೂ ಬೆಳಕು ಬೀಳುವ ಹೊತ್ತನ್ನು ತಗ್ಗಿಸಿದ್ದರಿಂದ ಹಾರುವ ಮರಳಿನ ಕಣವೂ ಬಿಡಿಬಿಡಿಯಾಗಿ ಕಾಣುತ್ತದೆ. ನೀರಿನಾಳದಲ್ಲಿ ಗುಂಡು ತಗುಲಿ ಸಾಯುವುದನ್ನು ಮಾತ್ರ ನಂಬಲಾಗದು. ರೈಫಲ್ ಗುಂಡಿನ ವೇಗವನ್ನು ನೀರು ಬಹುಬೇಗ ನುಂಗುತ್ತದೆ. ಇಲ್ಲಿ ನಕ್ಷೆ ಕೆಲಸಕ್ಕೆ ಬರಲಿಲ್ಲ, ಬರಬೇಕಾಗಿಯೂ ಇಲ್ಲ. ದಡದಲ್ಲಿ ಮುಖ ಹುದುಗಿಸಿ ಬಿದ್ದವನಿಗೆ ಯಾವ ನಕ್ಷೆ?

2023ರ ‘ನೆಪೋಲಿಯನ್’ ಎರಡರಲ್ಲೂ ಸೋತಿತು. ನೆಪೋಲಿಯನ್ 1805ರಲ್ಲಿ ರಷ್ಯ-ಆಸ್ಟ್ರಿಯಗಳನ್ನು ಸೋಲಿಸಿದ ಆಸ್ಟರ್ಲಿಟ್ಜ್ ಕದನ ತೀರ್ಮಾನವಾದದ್ದು ಪ್ರಾಟ್ಜನ್ ದಿಬ್ಬದ ಮೇಲೆ. ಚಿತ್ರದಲ್ಲಿ ಅದು ಮಂಜುಗಟ್ಟಿದ ಕೆರೆಯ ಬಲೆಯಾಗಿದೆ. ನೋಡಲು ಭರ್ಜರಿಯೇ, ಸುಳ್ಳಲ್ಲ. ಆದರೆ ಕಂಪ್ಯೂಟರಿನಲ್ಲಿ ಸೈನ್ಯವನ್ನು ಎಷ್ಟು ಬೇಕಾದರೂ ಹಿಗ್ಗಿಸಬಹುದಾದ ಕಾಲದಲ್ಲಿ ವ್ಯೂಹವನ್ನೇ ಮರೆತದ್ದು ನನಗೆ ಸೇರಲಿಲ್ಲ.

ಎಲ್ಲ ಕಾಲಕ್ಕೂ ಒಂದೇ ದಾರಿ ಸಲ್ಲದು. ಹೆಗಲಿಗೆ ಹೆಗಲು ತಾಗಿಸಿ ನಿಲ್ಲುತ್ತಿದ್ದ ಮಸ್ಕೆಟ್ ಎಂಬ ಹಳೆಯ ಬಂದೂಕಿನ ಕಾಲಕ್ಕೆ ಬೊಂಡಾರ್ಚುಕ್ ದಾರಿ. ಮೆಷಿನ್‌ಗನ್ನಿಗೆ ಹೆದರಿ ಚದುರಿ ಅಡಗುವ ಕಾಲಕ್ಕೆ ಸ್ಪೀಲ್‌ಬರ್ಗ್ ದಾರಿ. ಜನ ಸಾಲದಿದ್ದರೆ ಕಂಪ್ಯೂಟರಿಗಿಂತ ಹೊಗೆ ಮೇಲು. ಕಪ್ಪು ಮದ್ದಿನ ಕಾಲದಲ್ಲಿ ಕೆಲವು ಸುತ್ತು ಹಾರಿಸುವಷ್ಟರಲ್ಲಿ ಎದುರಿನ ಸಾಲು ಹೊಗೆಯಲ್ಲಿ ಮರೆಯಾಗುತ್ತಿತ್ತು. ಹಿಂದೆ ಇನ್ನೂರು ಜನರಿದ್ದಾರೋ ಇಪ್ಪತ್ತು ಸಾವಿರವೋ, ಯಾರಿಗೆ ಕಾಣುತ್ತದೆ?